ಗ್ರಂಥಿಜ್ವರ: ಹರಡುವ ಬಗೆ ಮತ್ತು ವೈದ್ಯರನ್ನು ಕಾಣಬೇಕಾದ ಸಮಯ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಕಾರ್ಯಾಗಾರದಲ್ಲಿ ವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯತಿಗಳ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಆರೋಗ್ಯದ ವಿಷಯವಾಗಿ ನಾವು ಸೇರಿದಾಗಲೆಲ್ಲ ಡೆಂಗಿ, ಮಲೇರಿಯಾ, ವಾಂತಿಭೇದಿಗಳ ಮಾತೇ ಹೆಚ್ಚು. ಅದು ಸಹಜವೂ ಹೌದು. ಚರಂಡಿಯ ಹೂಳು ತೆಗೆಸುವುದು, ನೀರಿನ ತೊಟ್ಟಿ ತೊಳೆಸುವುದು, ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವುದು ಪಂಚಾಯತಿಯ ಕೈಯಲ್ಲಿರುವ ಕೆಲಸಗಳು. ಇಂದು ನಾನು ವಿವರಿಸಲಿರುವ ಕಾಯಿಲೆಗೆ ಚರಂಡಿಯಾಗಲಿ, ಸೊಳ್ಳೆಯಾಗಲಿ, ಕೊಳವೆಬಾವಿಯ ನೀರಾಗಲಿ ಕಾರಣವಲ್ಲ. ಅದರ ಹೆಸರು ಸಾಂಕ್ರಾಮಿಕ ಮೊನೊನ್ಯೂಕ್ಲಿಯೋಸಿಸ್. ಸುಲಭವಾಗಿ ಇದನ್ನು ಗ್ರಂಥಿಜ್ವರ ಎಂದು ಕರೆಯೋಣ.

ಪಂಚಾಯತಿ ಸದಸ್ಯರಿಗೆ ಇದನ್ನೇಕೆ ಹೇಳಬೇಕು ಎಂದು ತಾವು ಕೇಳಬಹುದು. ವಿದ್ಯಾರ್ಥಿನಿಲಯದಲ್ಲಿ ಓದುತ್ತಿರುವ ಹುಡುಗನಿಗೆ ಹತ್ತು ದಿನವಾದರೂ ಜ್ವರ ಬಿಟ್ಟಿಲ್ಲ, ಗಂಟಲು ಊದಿದೆ, ಕುತ್ತಿಗೆಯಲ್ಲಿ ಗಂಟುಗಳೆದ್ದಿವೆ ಎಂಬ ಸುದ್ದಿ ಬಂದಾಗ ತಂದೆತಾಯಿಗಳು ಅನೇಕ ವೇಳೆ ಮೊದಲು ಬರುವುದು ತಮ್ಮ ಮನೆಯ ಬಾಗಿಲಿಗೆ. ಯಾವ ಆಸ್ಪತ್ರೆಗೆ ಕರೆದೊಯ್ಯಬೇಕು, ಇದು ಅಂಟುರೋಗವೇ, ಉಳಿದ ಮಕ್ಕಳನ್ನೂ ಮನೆಗೆ ಕರೆತರಬೇಕೇ ಎಂದು ಅವರು ತಮ್ಮನ್ನೇ ಕೇಳುತ್ತಾರೆ. ಆ ಹೊತ್ತಿನಲ್ಲಿ ತಾವು ಹೇಳುವ ಒಂದು ಮಾತಿನಿಂದ ಒಂದು ಜೀವ ಉಳಿಯಬಹುದು. ತಪ್ಪು ಮಾತಿನಿಂದ ಒಂದು ಮಗುವಿನ ಓದು ನಿಲ್ಲಬಹುದು. ನನ್ನ ಮಾತಿನ ಸಾರವಿಷ್ಟೇ: ಗ್ರಂಥಿಜ್ವರವು ಬಹುಪಾಲು ತಾನಾಗಿ ವಾಸಿಯಾಗುವ ಕಾಯಿಲೆ. ಆದರೆ ಅದರಂತೆಯೇ ಕಾಣಿಸಿಕೊಳ್ಳುವ ಬೇರೆ ಕೆಲವು ಕಾಯಿಲೆಗಳು ನಮಗಾಗಿ ಕಾಯುವುದಿಲ್ಲ. ಎಲ್ಲಿ ತಾಳ್ಮೆ ಬೇಕು, ಎಲ್ಲಿ ಅವಸರ ಬೇಕು ಎಂಬ ವಿವೇಚನೆಯೇ ಇಲ್ಲಿ ಮುಖ್ಯ.

ಕಾಯಿಲೆಯ ಪರಿಚಯ

ಜ್ವರದೊಂದಿಗೆ ಕುತ್ತಿಗೆಯ ಗ್ರಂಥಿಗಳು ಊದಿಕೊಳ್ಳುವ ಈ ಕಾಯಿಲೆಯನ್ನು 1889ರಲ್ಲಿ ಜರ್ಮನಿಯ ವೈದ್ಯ ಎಮಿಲ್ ಫೈಫರ್ ಅವರು ಗ್ರಂಥಿಜ್ವರವೆಂದು ವರ್ಣಿಸಿದರು. ರೋಗಿಗಳ ರಕ್ತದಲ್ಲಿ ಒಂದು ಬಗೆಯ ಬಿಳಿಯ ರಕ್ತಕಣಗಳು ಹೆಚ್ಚಾಗಿ, ರೂಪ ಬದಲಾಯಿಸಿಕೊಂಡು ಕಾಣಿಸುವುದನ್ನು ಗಮನಿಸಿದ ಅಮೆರಿಕದ ವೈದ್ಯರು 1920ರಲ್ಲಿ ಮೊನೊನ್ಯೂಕ್ಲಿಯೋಸಿಸ್ ಎಂಬ ಹೆಸರನ್ನಿತ್ತರು. ಆದರೆ ಕಾರಣ ತಿಳಿದದ್ದು ಬಹಳ ತಡವಾಗಿ. 1964ರಲ್ಲಿ ಲಂಡನ್ನಿನಲ್ಲಿ ಆಂಥೊನಿ ಎಪ್‌ಸ್ಟೀನ್, ಇವೋನ್ ಬಾರ್ ಮತ್ತು ಬರ್ಟ್ ಅಚಾಂಗ್ ಅವರು ಆಫ್ರಿಕದ ಮಕ್ಕಳ ದವಡೆಯ ಗಡ್ಡೆಯೊಂದರ ಜೀವಕೋಶಗಳಲ್ಲಿ ಹೊಸ ವೈರಾಣುವನ್ನು ಕಂಡುಹಿಡಿದರು. ಅದಕ್ಕೆ ಎಪ್‌ಸ್ಟೀನ್–ಬಾರ್ ವೈರಾಣು ಎಂದೇ ಹೆಸರಾಯಿತು.

ಈ ವೈರಾಣುವಿಗೂ ಗ್ರಂಥಿಜ್ವರಕ್ಕೂ ಇರುವ ಸಂಬಂಧ ಹೊರಬಿದ್ದದ್ದು ಅಮೆರಿಕದ ಫಿಲಡೆಲ್ಫಿಯದಲ್ಲಿ. ಅಲ್ಲಿ ವರ್ನರ್ ಹೆನ್ಲೆ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿಗಳ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರು ಗ್ರಂಥಿಜ್ವರದಿಂದ ಮಲಗಿದರು. ಕಾಯಿಲೆಗೆ ಮುನ್ನ ಸಂಗ್ರಹಿಸಿದ್ದ ಅವರ ರಕ್ತದಲ್ಲಿ ಈ ವೈರಾಣುವಿನ ವಿರುದ್ಧ ಪ್ರತಿಕಾಯಗಳಿರಲಿಲ್ಲ. ಕಾಯಿಲೆಯ ನಂತರದ ರಕ್ತದಲ್ಲಿ ಇದ್ದವು. 1968ರಲ್ಲಿ ಆ ವಿಷಯ ಪ್ರಕಟವಾಯಿತು. ಅಲ್ಲಿಂದ ಮುಂದೆ ಹೆಚ್ಚಿನ ಗ್ರಂಥಿಜ್ವರಕ್ಕೆ ಈ ವೈರಾಣುವೇ ಕಾರಣವೆಂಬುದು ಸ್ಥಿರಪಟ್ಟಿತು.

ಹರಡುವ ಬಗೆ

ಈ ವೈರಾಣು ಸಾಗುವ ದಾರಿ ಒಂದೇ ಪದದಲ್ಲಿ ಹೇಳಬಹುದಾದದ್ದು: ಎಂಜಲು. ಸೋಂಕು ತಗುಲಿದವರ ಜೊಲ್ಲಿನಲ್ಲಿ ವೈರಾಣು ಇರುತ್ತದೆ. ಒಬ್ಬರು ಕಚ್ಚಿ ಕುಡಿದ ಲೋಟ ಅಥವಾ ಬಾಟಲಿಯಿಂದ ಇನ್ನೊಬ್ಬರು ಕುಡಿಯುವುದು, ಒಂದೇ ಚಮಚದಲ್ಲಿ ಇಬ್ಬರು ತಿನ್ನುವುದು, ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳುವುದು, ಆಟದ ಮೈದಾನದಲ್ಲಿ ಒಂದೇ ಸೀಟಿಯನ್ನು ಹಲವರು ಊದುವುದು, ಸೇದಿದ ಬೀಡಿಯನ್ನು ಕೈಯಿಂದ ಕೈಗೆ ದಾಟಿಸುವುದು, ತಾಯಿ ಅಥವಾ ಅಜ್ಜಿ ತಾನು ಅಗಿದ ತುತ್ತನ್ನು ಕೂಸಿನ ಬಾಯಿಗಿಡುವುದು, ಮುತ್ತಿಡುವುದು ಇವೆಲ್ಲವೂ ಅದಕ್ಕೆ ದಾರಿಯಾಗಬಲ್ಲವು. ಅಪರೂಪವಾಗಿ ರಕ್ತ ವರ್ಗಾವಣೆ ಮತ್ತು ಅಂಗ ಕಸಿಯ ಮೂಲಕವೂ ದಾಟುವುದುಂಟು.

ಹರಡದ ದಾರಿಗಳನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿದಿರಬೇಕು. ಸೊಳ್ಳೆ, ಉಣ್ಣೆ, ದನಕರುಗಳಿಂದ ಇದು ಬರುವುದಿಲ್ಲ. ಓವರ್‌ಹೆಡ್ ಟ್ಯಾಂಕಿನ ನೀರಿನಿಂದ ಊರಿಗೆ ಊರೇ ಮಲಗುವಂತೆ ಹಬ್ಬುವುದಿಲ್ಲ. ದಡಾರದಂತೆ ಒಂದು ಕೋಣೆಯ ಗಾಳಿಯಲ್ಲಿ ತೇಲಿ ಎಲ್ಲರಿಗೂ ಅಂಟುವುದಿಲ್ಲ. ಒಂದೇ ತರಗತಿಯಲ್ಲಿ ಕುಳಿತ ಮಾತ್ರಕ್ಕೆ, ಒಂದೇ ಬಸ್ಸಿನಲ್ಲಿ ಪ್ರಯಾಣಿಸಿದ ಮಾತ್ರಕ್ಕೆ ಬರುವುದಿಲ್ಲ. ಆದ್ದರಿಂದ ಒಬ್ಬ ವಿದ್ಯಾರ್ಥಿಗೆ ಗ್ರಂಥಿಜ್ವರವೆಂದು ಶಾಲೆಯನ್ನು ಮುಚ್ಚುವ ಅಥವಾ ಆ ಮನೆಯವರನ್ನು ದೂರವಿಡುವ ಅಗತ್ಯವಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ವೈರಾಣು ದೇಹವನ್ನು ಸೇರಿದ ದಿನಕ್ಕೂ ಜ್ವರ ಕಾಣಿಸಿಕೊಳ್ಳುವ ದಿನಕ್ಕೂ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಅಂತರವಿರುತ್ತದೆ. ಎರಡನೆಯದು, ಕಾಯಿಲೆ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಜೊಲ್ಲಿನಲ್ಲಿ ವೈರಾಣು ಹೊರಬರುತ್ತಿರುತ್ತದೆ. ಆನಂತರ ಅದು ಜೀವಮಾನವಿಡೀ ದೇಹದೊಳಗೆ ಸುಪ್ತವಾಗಿದ್ದು, ಆಗಾಗ ಯಾವ ತೊಂದರೆಯನ್ನೂ ತೋರದೆ ಜೊಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಜಗತ್ತಿನ ವಯಸ್ಕರಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿ ಈ ವೈರಾಣುವನ್ನು ಹೊತ್ತವರೇ. ಈ ಸಭಾಂಗಣದಲ್ಲಿ ಕುಳಿತಿರುವ ನಮ್ಮಲ್ಲಿ ಬಹುಪಾಲು ಜನರೂ ಹಾಗೆಯೇ. ಹೀಗಿರುವಾಗ "ಇವನಿಂದ ಬಂತು, ಅವಳಿಂದ ಬಂತು" ಎಂದು ಬೆರಳು ತೋರಿಸುವುದಕ್ಕೆ ಯಾವ ಆಧಾರವೂ ಇರುವುದಿಲ್ಲ.

ವಯಸ್ಸಿನಿಂದಾಗುವ ವ್ಯತ್ಯಾಸ

ಎಲ್ಲರಿಗೂ ಸೋಂಕು ತಗುಲುವುದಾದರೆ ಎಲ್ಲರೂ ಏಕೆ ಮಲಗುವುದಿಲ್ಲ? ಉತ್ತರ ವಯಸ್ಸಿನಲ್ಲಿದೆ. ಎಳೆಯ ಮಕ್ಕಳಿಗೆ ಸೋಂಕಾದರೆ ಯಾವ ಲಕ್ಷಣವೂ ಕಾಣದೆ ಅಥವಾ ಸಾಧಾರಣ ನೆಗಡಿ ಜ್ವರದಂತೆ ಮುಗಿದುಹೋಗುತ್ತದೆ. ಒಂದೇ ತಟ್ಟೆಯಲ್ಲಿ ಉಂಡು ಒಟ್ಟಿಗೆ ಬೆಳೆಯುವ ಕೂಡುಕುಟುಂಬದ ಮಕ್ಕಳಿಗೆ ಬಹುಪಾಲು ಹೀಗೆಯೇ ಆಗುತ್ತದೆ. ಬಾಲ್ಯದಲ್ಲಿ ಸೋಂಕು ತಗುಲದೆ ಉಳಿದವರು ಹದಿಹರೆಯದಲ್ಲಿ ಮೊದಲ ಬಾರಿಗೆ ಅದನ್ನು ಎದುರಿಸಿದಾಗ ದೇಹದ ರಕ್ಷಣಾ ವ್ಯವಸ್ಥೆ ಬಹಳ ಬಿರುಸಾಗಿ ಪ್ರತಿಕ್ರಿಯಿಸುತ್ತದೆ. ಆ ಬಿರುಸೇ ಗ್ರಂಥಿಜ್ವರ. ಆದ್ದರಿಂದ 15ರಿಂದ 24 ವರ್ಷದವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ನಮ್ಮ ಹುಡುಗ ಹುಡುಗಿಯರು ಪದವಿಪೂರ್ವ ಕಾಲೇಜಿಗೆ, ವಸತಿ ಶಾಲೆಗೆ, ಊರಾಚೆಯ ಕೆಲಸಕ್ಕೆ ಹೋಗಿ ಒಂದೇ ಕೋಣೆಯಲ್ಲಿ ಹಲವರೊಡನೆ ಇರುವ ವಯಸ್ಸೂ ಅದೇ.

ಲಕ್ಷಣಗಳು

ಮೊದಲ ಕೆಲವು ದಿನ ಸುಸ್ತು, ಮೈಕೈ ನೋವು, ತಲೆನೋವು, ಊಟ ಸೇರದಿರುವುದು. ಆಮೇಲೆ ಜ್ವರ, ತೀವ್ರ ಗಂಟಲು ನೋವು, ಕುತ್ತಿಗೆಯ ಎರಡೂ ಬದಿಯಲ್ಲಿ, ವಿಶೇಷವಾಗಿ ಹಿಂಬದಿಯಲ್ಲಿ, ಮುಟ್ಟಿದರೆ ನೋಯುವ ಗಂಟುಗಳು. ಇವು ಊದಿಕೊಂಡ ದುಗ್ಧರಸ ಗ್ರಂಥಿಗಳು. ಟಾನ್ಸಿಲ್‌ಗಳು ದಪ್ಪವಾಗಿ ಅವುಗಳ ಮೇಲೆ ಬಿಳಿಯ ಲೇಪ ಕಾಣಬಹುದು. ಕೆಲವರಿಗೆ ಬೆಳಗ್ಗೆ ಏಳುವಾಗ ಕಣ್ಣಿನ ರೆಪ್ಪೆಗಳು ಊದಿರುತ್ತವೆ. ಕೆಲವರಲ್ಲಿ ಯಕೃತ್ತಿಗೂ ಸ್ವಲ್ಪ ತೊಂದರೆಯಾಗಿ ಕಣ್ಣು ಹಳದಿಯಾಗುವುದುಂಟು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮ ದೊಡ್ಡದಾಗುತ್ತದೆ.

ಜ್ವರ ಮತ್ತು ಗಂಟಲು ನೋವು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಸುಸ್ತು ಮಾತ್ರ ಬೇಗ ಬಿಡುವುದಿಲ್ಲ. ಕೆಲವರಿಗೆ ತಿಂಗಳು, ಎರಡು ತಿಂಗಳು, ಅದಕ್ಕಿಂತಲೂ ಹೆಚ್ಚು ಕಾಲ ಇರುತ್ತದೆ. ಜ್ವರ ಬಿಟ್ಟ ಮೇಲೂ ಮಗ ಹೊಲದ ಕೆಲಸಕ್ಕೆ ಏಳುವುದಿಲ್ಲ, ಮಗಳು ಪುಸ್ತಕ ಹಿಡಿದರೆ ನಿದ್ದೆಗೆ ಜಾರುತ್ತಾಳೆ ಎಂದು ಮನೆಯವರು ಸೋಮಾರಿತನದ ಆಪಾದನೆ ಮಾಡಬಾರದು. ಅದೂ ಕಾಯಿಲೆಯದೇ ಭಾಗ.

ಇದೇ ರೂಪದ ಬೇರೆ ಕಾಯಿಲೆಗಳು

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಗಂಟಲು ನೋವು, ಜ್ವರ, ಕುತ್ತಿಗೆಯ ಊತ ಇರುವ ಪ್ರತಿಯೊಂದೂ ಗ್ರಂಥಿಜ್ವರವಲ್ಲ. ಮನೆಯಲ್ಲಿ ಕುಳಿತು, ಮೊಬೈಲಿನಲ್ಲಿ ಓದಿ ಇದು ಅದೇ ಎಂದು ತೀರ್ಮಾನಿಸುವುದು ಅಪಾಯಕಾರಿ.

ಮೊದಲನೆಯದಾಗಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಗಂಟಲಿನಲ್ಲಿ ಬೂದು ಬಣ್ಣದ ಪೊರೆಯೊಂದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೆರೆದರೆ ರಕ್ತ ಬರುತ್ತದೆ. ಮನೆಯಲ್ಲಿ ಯಾರೂ ಅದನ್ನು ಕೆರೆದು ನೋಡಬಾರದು. ಕುತ್ತಿಗೆ ಗೂಳಿಯ ಕುತ್ತಿಗೆಯಂತೆ ಊದಬಹುದು. ಪೊರೆಯಿಂದ ಉಸಿರು ಕಟ್ಟಬಹುದು. ರೋಗಾಣು ಬಿಡುವ ವಿಷವು ಹೃದಯವನ್ನೂ ನರಗಳನ್ನೂ ಹಾಳುಮಾಡುತ್ತದೆ. ಆ ವಿಷಕ್ಕೆ ಪ್ರತಿವಿಷವನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಒಂದೊಂದು ದಿನದ ವಿಳಂಬವೂ ಇಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಲಸಿಕೆ ತಪ್ಪಿಸಿಕೊಂಡ ಮಗುವಿಗೆ ಗಂಟಲು ನೋವು ಬಂದರೆ ಮೊದಲು ನೆನಪಾಗಬೇಕಾದದ್ದು ಇದೇ.

ಎರಡನೆಯದು, ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವು. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಇದಕ್ಕೆ ಸರಿಯಾದ ಆಂಟಿಬಯಾಟಿಕ್ ಔಷಧವನ್ನು ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಅರ್ಧಕ್ಕೆ ಬಿಟ್ಟರೆ ಕೆಲವು ಮಕ್ಕಳಿಗೆ ಮುಂದೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಶಾಶ್ವತವಾಗಿ ಹಾಳಾಗಬಹುದು.

ಮೂರನೆಯದಾಗಿ, ನಮ್ಮ ಭಾಗಗಳಲ್ಲಿ ಇರುವ ಇತರ ಜ್ವರಗಳು. ಡೆಂಗಿ, ಮಲೇರಿಯಾ, ವಿಷಮಶೀತ ಜ್ವರ, ಇಲಿಜ್ವರ, ಮಲೆನಾಡಿನ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಇವುಗಳನ್ನು ರಕ್ತ ಪರೀಕ್ಷೆಯಿಲ್ಲದೆ ಬೇರ್ಪಡಿಸಲಾಗದು. ಗ್ರಂಥಿಜ್ವರದಲ್ಲೂ ಪ್ಲೇಟ್‌ಲೆಟ್‌ಗಳ ಸಂಖ್ಯೆ ಕಡಿಮೆಯಾಗಬಹುದು. ಪ್ಲೇಟ್‌ಲೆಟ್ ಕಡಿಮೆಯಾದ ಮಾತ್ರಕ್ಕೆ ಡೆಂಗಿಯೆಂದು ನಾವೇ ನಿರ್ಧರಿಸಬಾರದು. ನೋವಿಲ್ಲದ ಕುತ್ತಿಗೆಯ ಗಂಟು ಎರಡು ವಾರ ಮೀರಿ ಉಳಿದು, ಸಂಜೆಯ ಜ್ವರ, ತೂಕ ಇಳಿಕೆ ಇದ್ದರೆ ಕ್ಷಯರೋಗದ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ ಮತ್ತು ಔಷಧ ಎರಡೂ ಉಚಿತ. ಕಿವಿಯ ಕೆಳಗೆ ಕೆನ್ನೆ ಊದುವ ಮಂಗನಬಾವು ಬೇರೆಯೇ ಕಾಯಿಲೆ.

ವೈದ್ಯರನ್ನು ಯಾವಾಗ ಕಾಣಬೇಕು

ಇದನ್ನು ಮೂರು ಹಂತಗಳಲ್ಲಿ ನೆನಪಿಟ್ಟುಕೊಳ್ಳುವುದು ಸುಲಭ.

1. ಆ ಕ್ಷಣವೇ, ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾದವರು: ಉಸಿರಾಡಲು ಕಷ್ಟಪಡುವವರು ಅಥವಾ ಉಸಿರೆಳೆಯುವಾಗ ಕರ್ಕಶ ಶಬ್ದ ಬರುವವರು; ತಮ್ಮ ಜೊಲ್ಲನ್ನೇ ನುಂಗಲಾಗದೆ ಸುರಿಸುವವರು; ಬಾಯಿ ತೆರೆಯಲಾಗದವರು; ಎಡ ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಎಡ ಭುಜದ ತುದಿಯಲ್ಲಿ ಹಠಾತ್ತಾಗಿ ತೀವ್ರ ನೋವು ಬಂದವರು; ತಲೆಸುತ್ತಿ ಬಿದ್ದು ಮೈ ತಣ್ಣಗಾದವರು; ಕುತ್ತಿಗೆ ಬಿಗಿದು ತಡೆಯಲಾರದ ತಲೆನೋವು, ಫಿಟ್ಸ್ ಅಥವಾ ಎಚ್ಚರ ತಪ್ಪುವಿಕೆ ಇರುವವರು; ಎಲ್ಲಿಂದಲಾದರೂ ರಕ್ತಸ್ರಾವವಾಗುತ್ತಿರುವವರು. ಗಂಟಲಿನಲ್ಲಿ ಬೂದು ಪೊರೆ ಕಂಡವರೂ ಇದೇ ಹಂತಕ್ಕೆ ಸೇರುತ್ತಾರೆ.

2. ಅದೇ ದಿನ ಅಥವಾ ಮರುದಿನ ಬೆಳಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬೇಕಾದವರು: ಗಂಟಲು ನೋವಿನೊಂದಿಗೆ ಜ್ವರ ಎರಡು ದಿನ ಮೀರಿದವರು, ನೀರು, ಗಂಜಿಯನ್ನೂ ಕುಡಿಯಲಾಗದೆ ಮೂತ್ರ ಕಡಿಮೆಯಾದವರು, ಕಣ್ಣು, ಮೂತ್ರ ಹಳದಿಯಾದವರು, ಮೈಮೇಲೆ ಗುಳ್ಳೆ ಅಥವಾ ದದ್ದು ಎದ್ದವರು, ಕುತ್ತಿಗೆಯ ಊತ ಹೆಚ್ಚುತ್ತಿರುವವರು. ಗರ್ಭಿಣಿಯರು, ಎಳೆಯ ಮಕ್ಕಳು, ಲಸಿಕೆ ತಪ್ಪಿದವರು, ಸಕ್ಕರೆ ಕಾಯಿಲೆಯವರು, ಎಚ್‌ಐವಿ ಸೋಂಕಿತರು, ಕ್ಯಾನ್ಸರ್ ಅಥವಾ ಅಂಗ ಕಸಿಯ ಚಿಕಿತ್ಸೆಯಲ್ಲಿರುವವರು ಎರಡು ದಿನವೂ ಕಾಯಬಾರದು.

3. ಗ್ರಂಥಿಜ್ವರವೆಂದು ವೈದ್ಯರೇ ಹೇಳಿದ ನಂತರವೂ ಮತ್ತೆ ಬರಬೇಕಾದವರು: ಹತ್ತು ದಿನವಾದರೂ ಜ್ವರ ಇಳಿಯದವರು, ಒಮ್ಮೆ ಇಳಿದು ಮತ್ತೆ ಏರಿದವರು, ನಾಲ್ಕು ವಾರ ಕಳೆದರೂ ಗಂಟು ಕರಗದವರು, ತೂಕ ಇಳಿಯುತ್ತಿರುವವರು.

ಪರೀಕ್ಷೆಯ ವಿಷಯದಲ್ಲಿ ಒಂದು ಮಾತು. ಗ್ರಂಥಿಜ್ವರಕ್ಕೆ ರಕ್ತ ಪರೀಕ್ಷೆಗಳಿವೆ. ರೋಗಿಯ ರಕ್ತವು ಕುರಿಯ ರಕ್ತಕಣಗಳನ್ನು ಗಡ್ಡೆಗಟ್ಟಿಸುತ್ತದೆ ಎಂಬುದನ್ನು 1932ರಲ್ಲಿ ಪಾಲ್ ಮತ್ತು ಬನ್ನೆಲ್ ಎಂಬ ವೈದ್ಯರು ಗುರುತಿಸಿದರು. ಆ ತತ್ತ್ವದ ಸುಧಾರಿತ ಪರೀಕ್ಷೆಗಳು ಇಂದಿಗೂ ಬಳಕೆಯಲ್ಲಿವೆ. ಮೊದಲ ವಾರದಲ್ಲಿ ಇಂಥ ಪರೀಕ್ಷೆ ರೋಗವಿದ್ದರೂ ಇಲ್ಲವೆಂದು ತೋರಿಸಬಹುದು. ಆದ್ದರಿಂದ ವೈದ್ಯರು ಒಂದು ವಾರ ಬಿಟ್ಟು ಮತ್ತೆ ಬರಹೇಳಿದರೆ ಅದು ಅಸಡ್ಡೆಯಲ್ಲ, ಕ್ರಮ.

ಆರೈಕೆ ಮತ್ತು ಮಾಡಬಾರದ್ದು

ಈ ವೈರಾಣುವನ್ನು ಕೊಲ್ಲುವ ನಿರ್ದಿಷ್ಟ ಔಷಧ ಬಳಕೆಯಲ್ಲಿಲ್ಲ; ಲಸಿಕೆಯೂ ಬಂದಿಲ್ಲ. ವಿಶ್ರಾಂತಿ, ಸಾಕಷ್ಟು ನೀರು, ಗಂಜಿ, ಮಜ್ಜಿಗೆ, ಬೇಳೆಕಟ್ಟಿನಂತಹ ನುಂಗಲು ಸುಲಭವಾದ ಆಹಾರ, ಬಿಸಿ ಉಪ್ಪುನೀರಿನಿಂದ ಗಂಟಲು ಮುಕ್ಕಳಿಸುವುದು, ಜ್ವರಕ್ಕೆ ವೈದ್ಯರು ತೂಕಕ್ಕೆ ತಕ್ಕಂತೆ ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಇವೇ ಚಿಕಿತ್ಸೆ. ಮಕ್ಕಳಿಗೂ ಹದಿಹರೆಯದವರಿಗೂ ಆಸ್ಪಿರಿನ್ ಕೊಡಬಾರದು. ಡೆಂಗಿ ಇಲ್ಲವೆಂದು ಖಚಿತವಾಗುವವರೆಗೆ ಬೇರೆ ನೋವಿನ ಗುಳಿಗೆಗಳೂ ಬೇಡ. ಯಕೃತ್ತು ದಣಿದಿರುವುದರಿಂದ ಮದ್ಯ ಖಂಡಿತ ಕೂಡದು.

ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿಸುವ ರೂಢಿ ಈ ಕಾಯಿಲೆಯಲ್ಲಿ ಒಂದು ವಿಶಿಷ್ಟ ತೊಂದರೆಯನ್ನುಂಟುಮಾಡುತ್ತದೆ. ಗ್ರಂಥಿಜ್ವರ ಇರುವವರಿಗೆ ಅಮಾಕ್ಸಿಸಿಲಿನ್ ಅಥವಾ ಆಂಪಿಸಿಲಿನ್ ಕೊಟ್ಟರೆ ಹಲವರಿಗೆ ಮೈತುಂಬ ಕೆಂಪು ದದ್ದುಗಳೇಳುತ್ತವೆ. ಅದನ್ನು ಕಂಡು "ಅಮ್ಮ ಬಂದಿದ್ದಾಳೆ" ಎಂದು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸುವವರೂ ಇದ್ದಾರೆ. ಔಷಧದ ಹೆಸರನ್ನೇ ಹೇಳದೆ ಇನ್ನೊಬ್ಬ ವೈದ್ಯರ ಬಳಿಗೆ ಓಡುವವರೂ ಇದ್ದಾರೆ. ನುಂಗಿದ ಗುಳಿಗೆಯ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು ಅವಶ್ಯಕ. ಅರ್ಹತೆಯಿಲ್ಲದವರಿಂದ ಜ್ವರ ಬೇಗ ಇಳಿಯಲೆಂದು ಸ್ಟೀರಾಯ್ಡ್ ಸೂಜಿ ಹಾಕಿಸಿಕೊಳ್ಳುವುದು ಇನ್ನೂ ಅಪಾಯಕರ. ಉಸಿರಿನ ದಾರಿ ಮುಚ್ಚುವಂತಹ ವಿಶೇಷ ಸಂದರ್ಭದಲ್ಲಿ ಮಾತ್ರ ವೈದ್ಯರು ಆಸ್ಪತ್ರೆಯಲ್ಲಿ ಅದನ್ನು ಬಳಸುತ್ತಾರೆ.

ಗುಲ್ಮದ ವಿಷಯದಲ್ಲಿ ಪ್ರತ್ಯೇಕ ಎಚ್ಚರ ಬೇಕು. ಊದಿದ ಗುಲ್ಮ ಮೃದುವಾಗಿರುತ್ತದೆ. ಪೆಟ್ಟು ಬಿದ್ದರೆ ಒಡೆದು ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತದೆ. ಇದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ ಆಗುವಂಥದು. ಆದರೆ ಆದಾಗ ಪ್ರಾಣಾಪಾಯ. ಹೆಚ್ಚಿನವು ಮೊದಲ ಮೂರು ವಾರಗಳಲ್ಲಿ ಸಂಭವಿಸುತ್ತವೆ. ಆದುದರಿಂದ ಕಾಯಿಲೆ ಆರಂಭವಾದಂದಿನಿಂದ ಕನಿಷ್ಠ ಮೂರು ನಾಲ್ಕು ವಾರ, ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ, ಕಬಡ್ಡಿ, ಕುಸ್ತಿ, ಫುಟ್‌ಬಾಲ್ ಆಡಬಾರದು. ಗೊಬ್ಬರದ ಮೂಟೆ, ಭತ್ತದ ಚೀಲ ಹೊರಬಾರದು. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಆಯ್ಕೆಯಾದ ಹುಡುಗ ಜ್ವರ ಬಿಟ್ಟಿತೆಂದು ಅಂಕಣಕ್ಕಿಳಿಯಲು ಹಟ ಹಿಡಿಯುತ್ತಾನೆ. ದೈಹಿಕ ಶಿಕ್ಷಕರೂ ಪೋಷಕರೂ ಆಗ ದೃಢವಾಗಿರಬೇಕು. ಹೊಟ್ಟೆ ನೋವೆಂದು ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸುವುದು, ಕಾಮಾಲೆಗೆಂದು ಬರೆ ಹಾಕಿಸುವುದು ಇಲ್ಲಿ ಕೇವಲ ನಿರರ್ಥಕವಲ್ಲ, ನೇರ ಅಪಾಯ.

ಒಂದು ಹೆಸರಿನಿಂದಾಗುವ ಕೇಡು

ಜೊಲ್ಲಿನಿಂದ ಹರಡುವುದರಿಂದ ಈ ಕಾಯಿಲೆಗೆ ಹೊರದೇಶಗಳಲ್ಲಿ "ಮುತ್ತಿನ ಕಾಯಿಲೆ" ಎಂಬ ಅಡ್ಡಹೆಸರಿದೆ. ಮೊಬೈಲಿನಲ್ಲಿ ಹುಡುಕಿದ ಯಾರಿಗಾದರೂ ಅದು ಮೊದಲು ಕಣ್ಣಿಗೆ ಬೀಳುತ್ತದೆ. ಹದಿನೇಳರ ಹುಡುಗಿಗೆ ಗ್ರಂಥಿಜ್ವರವೆಂದು ಚೀಟಿಯಲ್ಲಿ ಬರೆದಾಗ ಆ ಅಡ್ಡಹೆಸರು ಊರಿನಲ್ಲಿ ಏನೆಲ್ಲ ಮಾತಿಗೆ ಎಡೆಮಾಡೀತು ಎಂಬುದನ್ನು ತಮಗೆ ವಿವರಿಸಬೇಕಾಗಿಲ್ಲ. ಓದು ಬಿಡಿಸುವುದು, ಅವಸರದಲ್ಲಿ ಮದುವೆ ನಿಶ್ಚಯಿಸುವುದು, ಬೈಗುಳ, ಹೊಡೆತ ಇವೆಲ್ಲ ಒಂದು ತಪ್ಪು ತಿಳಿವಳಿಕೆಯಿಂದ ಹುಟ್ಟಬಹುದು.

ಸದಸ್ಯರು ಇಂಥ ಮಾತು ಕಿವಿಗೆ ಬಿದ್ದಲ್ಲಿಯೇ ಮೂರು ಸತ್ಯಗಳನ್ನು ಹೇಳಬೇಕು. ಒಂದು, ಒಂದೇ ಬಾಟಲಿಯ ನೀರು ಕುಡಿದರೂ ಈ ಸೋಂಕು ಬರುತ್ತದೆ. ಎರಡು, ಸೋಂಕು ತಗುಲಿ ತಿಂಗಳು ಕಳೆದ ಮೇಲೆ ಜ್ವರ ಬರುವುದರಿಂದ ಯಾರಿಂದ ಬಂತೆಂದು ಯಾವ ವೈದ್ಯರೂ ಹೇಳಲಾರರು. ಮೂರು, ಸಂಶಯ ಪಡುವವರ ದೇಹದಲ್ಲಿಯೂ ಬಹುಪಾಲು ಇದೇ ವೈರಾಣು ಇದೆ. ರೋಗಿಯ ಹೆಸರು, ಚೀಟಿಯ ವಿವರ ಊರ ವಾಟ್ಸ್‌ಆಪ್ ಗುಂಪುಗಳಿಗೆ ಹೋಗದಂತೆ ನೋಡಿಕೊಳ್ಳುವುದೂ ನಮ್ಮ ಕರ್ತವ್ಯ.

ಎಂಜಲು ಎಂಬ ಪದವನ್ನು ಬಳಸುವಾಗಲೂ ಒಂದು ಎಚ್ಚರ ಇರಲಿ. ವೈರಾಣುವಿಗೆ ಜಾತಿ ತಿಳಿಯದು. ಪ್ರತಿಯೊಬ್ಬರಿಗೂ ಅವರವರದೇ ಲೋಟ ಎಂಬುದು ಆರೋಗ್ಯದ ನಿಯಮ. ಒಂದು ಕೇರಿಯವರಿಗೊಂದು ಲೋಟ, ಇನ್ನೊಂದು ಕೇರಿಯವರಿಗೊಂದು ಲೋಟ ಎಂಬುದು ಅಸ್ಪೃಶ್ಯತೆ, ಸಂವಿಧಾನದ 17ನೆಯ ವಿಧಿ ನಿಷೇಧಿಸಿರುವ ಅಪರಾಧ. ಸ್ವಚ್ಛತೆಯ ಹೆಸರಿನಲ್ಲಿ ಎರಡನೆಯದು ನುಸುಳದಂತೆ ಕಾಯುವುದು ಪಂಚಾಯತಿಯ ಹೊಣೆ.

ಪಂಚಾಯತಿಯಿಂದ ಆಗಬಹುದಾದ ಕೆಲಸಗಳು

1. ಶಾಲೆ, ಅಂಗನವಾಡಿ, ವಿದ್ಯಾರ್ಥಿನಿಲಯಗಳಲ್ಲಿ ಕುಡಿಯುವ ನೀರಿಗೆ ನಲ್ಲಿ ಅಥವಾ ಉದ್ದ ಹಿಡಿಯ ಸೌಟು, ತೊಳೆದ ಲೋಟಗಳು, ಕೈತೊಳೆಯಲು ಸಾಬೂನು ಇರುವುದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಡನೆ ಸೇರಿ ಖಚಿತಪಡಿಸಿಕೊಳ್ಳುವುದು. ಲೋಟ ಕಚ್ಚದೆ ಎತ್ತಿ ಕುಡಿಯುವ ನಮ್ಮ ಹಿರಿಯರ ರೂಢಿಯನ್ನು ಮಕ್ಕಳಿಗೆ ಮತ್ತೆ ಕಲಿಸುವುದು. ಈ ಅಭ್ಯಾಸದಿಂದ ಗ್ರಂಥಿಜ್ವರ ಮಾತ್ರವಲ್ಲದೆ ಜೊಲ್ಲಿನಿಂದ ದಾಟುವ ಇತರ ಸೋಂಕುಗಳೂ ಕಡಿಮೆಯಾಗುತ್ತವೆ.

2. ಗಂಟಲಮಾರಿಯ ಲಸಿಕೆ ಯಾವ ಮಗುವಿಗೂ ತಪ್ಪದಂತೆ ನೋಡಿಕೊಳ್ಳುವುದು. 6, 10 ಮತ್ತು 14ನೆಯ ವಾರದಲ್ಲಿ ಪೆಂಟಾವಲೆಂಟ್, 16ರಿಂದ 24ನೆಯ ತಿಂಗಳಿನಲ್ಲಿ ಮತ್ತು 5ರಿಂದ 6ನೆಯ ವರ್ಷದಲ್ಲಿ ಡಿಪಿಟಿ ವರ್ಧಕ, 10 ಮತ್ತು 16ನೆಯ ವರ್ಷದಲ್ಲಿ ಟಿಡಿ ಲಸಿಕೆ ಇವೆಲ್ಲ ಉಚಿತವಾಗಿ ದೊರೆಯುತ್ತವೆ. ಕೊನೆಯ ಎರಡು ಹೆಚ್ಚಾಗಿ ಮರೆತುಹೋಗುತ್ತವೆ. ಇಟ್ಟಿಗೆ ಗೂಡು, ಕಬ್ಬು ಕಟಾವು, ಕುರಿಗಾಹಿ ಕುಟುಂಬಗಳ ಮಕ್ಕಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರೊಡನೆ ಪ್ರತ್ಯೇಕವಾಗಿ ಪರಿಶೀಲಿಸಬೇಕು.

3. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಎರಡು ದಿನ ಮೀರಿದ ಜ್ವರದ ಪ್ರಕರಣಗಳನ್ನು ಕೇಳಿ ತಿಳಿಯುವುದು. ಒಂದೇ ಶಾಲೆಯಲ್ಲಿ ಅಥವಾ ಕೇರಿಯಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳಿಗೆ ಗಂಟಲು ನೋವು, ಜ್ವರ ಕಂಡರೆ ವೈದ್ಯಾಧಿಕಾರಿಗಳಿಗೆ ಅದೇ ದಿನ ತಿಳಿಸುವುದು.

4. ಮೇಲೆ ಹೇಳಿದ ಮೊದಲ ಹಂತದ ಅಪಾಯ ಲಕ್ಷಣಗಳನ್ನು, 108 ಆಂಬ್ಯುಲೆನ್ಸ್ ಮತ್ತು 104 ಆರೋಗ್ಯ ಸಹಾಯವಾಣಿಯ ಸಂಖ್ಯೆಗಳನ್ನು ಪಂಚಾಯತಿ ಕಚೇರಿಯ ಸೂಚನಾ ಫಲಕದಲ್ಲಿಯೂ ವಿದ್ಯಾರ್ಥಿನಿಲಯದ ಗೋಡೆಯ ಮೇಲೆಯೂ ದೊಡ್ಡ ಅಕ್ಷರಗಳಲ್ಲಿ ಬರೆಸುವುದು.

5. ದೀರ್ಘ ಸುಸ್ತಿನಿಂದ ತರಗತಿ ತಪ್ಪಿಸಿಕೊಂಡ ವಿದ್ಯಾರ್ಥಿಗಳ ಹಾಜರಾತಿ, ಪರೀಕ್ಷೆಯ ವಿಷಯದಲ್ಲಿ ಮುಖ್ಯೋಪಾಧ್ಯಾಯರೊಡನೆ ಮಾತನಾಡಿ, ವೈದ್ಯಕೀಯ ಪ್ರಮಾಣಪತ್ರದ ಆಧಾರದ ಮೇಲೆ ಅನುಕೂಲ ದೊರಕಿಸುವುದು.

ಸದಸ್ಯರು ಕೇಳಿದ ಕೆಲವು ಪ್ರಶ್ನೆಗಳು

ಪ್ರಶ್ನೆ: ಕಾಯಿಲೆ ಇರುವ ಮಗು ಶಾಲೆಗೆ ಯಾವಾಗ ಮರಳಬಹುದು?
ಉತ್ತರ: ಜ್ವರ ಇಳಿದು, ಊಟ ಸೇರಿ, ಕುಳಿತು ಪಾಠ ಕೇಳುವಷ್ಟು ಶಕ್ತಿ ಬಂದ ಕೂಡಲೇ ಬರಬಹುದು. ಲೋಟ, ಚಮಚ, ಬಾಟಲಿಯನ್ನು ಹಂಚಿಕೊಳ್ಳದಿದ್ದರೆ ಸಾಕು. ಆಟ ಮಾತ್ರ ವೈದ್ಯರು ಹೇಳಿದ ಮೇಲೆ.

ಪ್ರಶ್ನೆ: ಒಮ್ಮೆ ಬಂದದ್ದು ಮತ್ತೆ ಬರುತ್ತದೆಯೇ?
ಉತ್ತರ: ಆರೋಗ್ಯವಂತರಲ್ಲಿ ಅದೇ ಕಾಯಿಲೆ ಮತ್ತೆ ಬರುವುದು ಬಹಳ ಅಪರೂಪ. ಗಂಟಲು ನೋವು, ಜ್ವರ ಮತ್ತೆ ಬಂದರೆ "ಹಳೆಯದೇ" ಎಂದು ಸುಮ್ಮನಿರದೆ ಹೊಸದಾಗಿ ತೋರಿಸಬೇಕು.

ಪ್ರಶ್ನೆ: ಮದುವೆ, ಜಾತ್ರೆಯ ಪಂಕ್ತಿಯೂಟದಿಂದ ಹರಡುತ್ತದೆಯೇ?
ಉತ್ತರ: ಪ್ರತಿಯೊಬ್ಬರಿಗೂ ಬೇರೆ ಬೇರೆ ಎಲೆ, ತೊಳೆದ ಲೋಟ ಇರುವಾಗ ಆತಂಕ ಬೇಡ. ಬಡಿಸುವ ಸೌಟು ಯಾರ ಎಲೆಗೂ ತಾಗದಿರಲಿ. ಲೋಟಗಳನ್ನು ಬರಿಯ ನೀರಿನಲ್ಲಿ ಅದ್ದಿ ತೆಗೆಯದೆ ಸಾಬೂನು ಹಚ್ಚಿ ತೊಳೆಯಲಿ.

ಬಂಧುಗಳೇ, ಗ್ರಂಥಿಜ್ವರದಿಂದ ಬಳಲುವ ಬಹುಪಾಲು ಮಕ್ಕಳಿಗೆ ಬೇಕಾದದ್ದು ವಿಶ್ರಾಂತಿ, ನೀರು ಮತ್ತು ಮನೆಯವರ ಸಮಾಧಾನದ ಮಾತು. ಉಳಿದ ಕೆಲವರಿಗೆ ಬೇಕಾದದ್ದು ತಡಮಾಡದ ಒಂದು ವಾಹನ. ಯಾರಿಗೆ ಯಾವುದು ಎಂದು ನಿರ್ಣಯಿಸುವ ಭಾರವನ್ನು ವೈದ್ಯರಿಗೆ ಬಿಡಿ. ರೋಗಿಯನ್ನು ಸಮಯಕ್ಕೆ ಸರಿಯಾಗಿ ಅವರ ಬಳಿ ಸೇರಿಸುವ ಭಾರವನ್ನು ತಾವು ಹೊರಬೇಕೆಂದು ವಿನಂತಿಸುತ್ತೇನೆ. ಮುಂದಿನ ವಾರ್ಡ್ ಸಭೆಯಲ್ಲಿ ಹತ್ತು ನಿಮಿಷವನ್ನು ಇದಕ್ಕಾಗಿ ಮೀಸಲಿಟ್ಟು, ಅಪಾಯ ಲಕ್ಷಣಗಳ ಪಟ್ಟಿಯನ್ನು ಓದಿ ಹೇಳಿದರೆ ಇಂದಿನ ಈ ಸಭೆ ಸಾರ್ಥಕವಾದೀತು.